ಅಟ್ಟದ ಕೊಬ್ಬರಿ, ತಾಂಬೂಲದ ಚೀಲ

ಬೀರೂರು ಜಂಕ್ಷನ್ನಿನಲ್ಲಿ ರೈಲು ಹಾದಿ ಕವಲೊಡೆಯುತ್ತದೆ. ಒಂದು ಕವಲು ಅಜ್ಜಂಪುರ, ಶಿವನಿ ದಾಟಿ ಚಿಕ್ಕಜಾಜೂರಿನತ್ತ. ಇನ್ನೊಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ. ಕಡೂರಿನ ತೆಂಗಿನ ಸಾಲಿನಿಂದ ತರೀಕೆರೆಯ ಅಡಿಕೆ ತೋಟದವರೆಗೆ ಮಣ್ಣು, ಮಳೆ, ಬೆಳೆ ಎಲ್ಲ ಬದಲಾಗುತ್ತವೆ. ಆದರೆ ಮದುವೆ, ಸೀಮಂತ, ಗೃಹಪ್ರವೇಶ ಮುಗಿಸಿ ಹೊರಡುವವರ ಕೈಗೆ ಬರುವ ಚೀಲ ಈಗ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ಒಳಗೊಂದು ಪ್ಲಾಸ್ಟಿಕ್ ಡಬ್ಬಿ ಇಲ್ಲವೇ ತೆಳು ಸ್ಟೀಲ್ ಬಟ್ಟಲು, ಜತೆಗೆ ಎಲೆ, ಅಡಿಕೆ, ತೆಂಗಿನಕಾಯಿ. ಆ ಡಬ್ಬಿಗೆ ಕೊಡುವ ದುಡ್ಡು ಊರಿನ ಕೈಗಳಿಗೇ ಸೇರುವಂತಾಗಬೇಕು.

ಅದಕ್ಕೆ ಬೇಕಾದ ಸಾಮಗ್ರಿ ಮನೆಯ ಅಟ್ಟದಲ್ಲೇ ಇದೆ. ಬಲಿತ ಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗುತ್ತದೆ, ತಿರುಳು ಕರಟ ಬಿಡುತ್ತದೆ. ಅಲ್ಲಾಡಿಸಿದರೆ ಗಡಗಡ ಸದ್ದು. ಅದೇ ಉಂಡೆ ಕೊಬ್ಬರಿ. 2025ರ ಹಂಗಾಮಿಗೆ ಕೇಂದ್ರ ಸರ್ಕಾರ ಇದಕ್ಕೆ ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ. ಆ ವರ್ಷ ತಿಪಟೂರು ಮಾರುಕಟ್ಟೆಯಲ್ಲಿ ಧಾರಣೆ ಅದರ ದುಪ್ಪಟ್ಟನ್ನೂ ದಾಟಿತು.

ಡಬ್ಬಿಯ ಬದಲು ಚೀಲಕ್ಕೆ ಹಾಕಬಹುದಾದ, ಇಂಥ ಕೊಬ್ಬರಿ ಬೀಳುವ ತಿಂಡಿ ಕೋಡುಬಳೆ. ಅಕ್ಕಿ ಹಿಟ್ಟು, ಚಿರೋಟಿ ರವೆ, ಒಂದಿಷ್ಟು ಹುರಿಗಡಲೆ ಹಿಟ್ಟು. ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು ರುಬ್ಬಿದ ಖಾರ. ಮೇಲೆ ಕಾದ ಎಣ್ಣೆ. ಹಿಟ್ಟು ನಾದಿ, ಹೊಸೆದು, ತುದಿಗೆ ತುದಿ ಒತ್ತಿ ಬಳೆ ಮಾಡಬೇಕು. ಉರಿ ಜೋರಾದರೆ ಹೊರಗೆ ಕೆಂಪು, ಒಳಗೆ ಮೆತ್ತಗೆ. ಚಕ್ಕುಲಿಗೆ ಒರಳಿದೆ, ನಿಪ್ಪಟ್ಟನ್ನು ತಟ್ಟಿದರಾಯಿತು. ಕೋಡುಬಳೆಗೆ ಒಂದೊಂದಕ್ಕೂ ಬೆರಳೇ ಬೇಕು. ನೂರು ಜನರ ತಾಂಬೂಲಕ್ಕೆ ತಲಾ ಹತ್ತು ಎಂದರೂ ಸಾವಿರ ಸಲ ಹೊಸೆಯಬೇಕು.

ಈ ಹೊಸೆತಕ್ಕೆ ಬೆಲೆ ಕಟ್ಟುವ ಅಭ್ಯಾಸ ಇನ್ನೂ ಬಂದಿಲ್ಲ. ಬೇಕರಿಯ ಕೇಕಿಗೆ ಚೌಕಾಸಿ ಮಾಡದವರೂ ಪಕ್ಕದ ಬೀದಿಯ ಹೆಣ್ಣುಮಗಳನ್ನು ‘ಮನೇಲಿ ಮಾಡಿದ್ದಕ್ಕೆ ಇಷ್ಟಾ?’ ಎಂದು ಕೇಳುತ್ತಾರೆ. ಎಣ್ಣೆ, ಕೊಬ್ಬರಿ, ಗ್ಯಾಸಿನ ಲೆಕ್ಕ ಹಿಡಿದು, ಬೆಳಗಿನಿಂದ ಸಂಜೆವರೆಗೆ ಒಲೆ ಮುಂದೆ ಕೂತದ್ದನ್ನು ಬಿಟ್ಟುಬಿಡುವುದು ಅನ್ಯಾಯ. ಮಾಡುವವರೂ ಸಂಕೋಚ ಬಿಟ್ಟು ಕೂಲಿಯನ್ನು ಬೆಲೆಯಲ್ಲಿ ಸೇರಿಸಬೇಕು. ಸಣ್ಣ ತಯಾರಕರಿಗೆ 2011ರ ಆಹಾರ ಸುರಕ್ಷತಾ ನಿಯಮ ಇಟ್ಟ ನೋಂದಣಿ ಶುಲ್ಕ ವರ್ಷಕ್ಕೆ 100 ರೂಪಾಯಿ. ಯಂತ್ರಕ್ಕೆ ಸಾಲ ಬೇಕೆಂದರೆ 2020ರಲ್ಲಿ ಶುರುವಾದ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆಯಲ್ಲಿ ಶೇ 35ರ ಸಹಾಯಧನವಿತ್ತು, ಗರಿಷ್ಠ 10 ಲಕ್ಷ. ರೈಲ್ವೆ 2022ರಲ್ಲಿ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಆರಂಭಿಸಿದೆ. ಬೀರೂರಿನಂಥ ಜಂಕ್ಷನ್ನಿನಲ್ಲಿ ಈ ಸೀಮೆಯ ಕೋಡುಬಳೆ ಪ್ರಯಾಣಿಕರ ಕೈಗೆ ಸಿಗುವಂತಿರಬೇಕು.

ತಿಂಡಿಯ ಜತೆಗೆ ತರೀಕೆರೆ ಕಡೆಯ ಅಡಿಕೆ ಹಾಳೆಯೂ ತಾಂಬೂಲಕ್ಕೆ ಒದಗುತ್ತದೆ, ಆದರೆ ಅದರ ವಿಷಯದಲ್ಲಿ ಸ್ವಲ್ಪ ಎಚ್ಚರವೂ ಬೇಕು. ಉದುರಿದ ಹಾಳೆಯನ್ನು ನೆನೆಸಿ, ಕಾದ ಅಚ್ಚಿನಲ್ಲಿ ಒತ್ತಿದರೆ ತಟ್ಟೆ, ದೊನ್ನೆ ಸಿದ್ಧ. ಆದರೆ ಅಡಿಕೆಯ ಆಲ್ಕಲಾಯ್ಡುಗಳು ಊಟಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಇಂಥ ತಟ್ಟೆಗಳ ಬಳಕೆಗೆ ಆಕ್ಷೇಪ ಎತ್ತಿತು. ಇಲ್ಲಿನ ತಯಾರಕರಿಗೆ ಅದು ದೊಡ್ಡ ಪೆಟ್ಟು. ಹಾಳೆಗೆ ಊಟದೆಲೆಯ ಹೊರತು ಬೇರೆ ಕೆಲಸವೂ ಉಂಟು. ಬಳೆ, ಅರಿಶಿನ ಕುಂಕುಮದ ಪೊಟ್ಟಣ, ರವಿಕೆ ಕಣ ಇಟ್ಟು ಕೊಡಲು ಹಾಳೆಯ ತಟ್ಟೆಗಿಂತ ಚೆಂದದ್ದು ಯಾವುದು?

ಇನ್ನು ಚೀಲ. ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ತಾಲ್ಲೂಕುಗಳಲ್ಲಿ ಲಂಬಾಣಿ ತಾಂಡಾಗಳಿವೆ. ಕನ್ನಡಿ ಚೂರು, ಕವಡೆ, ಬಣ್ಣದ ದಾರದ ಹೊಲಿಗೆ ಆ ಸಮುದಾಯದ ಹೆಣ್ಣುಮಕ್ಕಳ ವಿದ್ಯೆ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯ ಜಿ20 ಸಭೆಯ ವೇಳೆ ಸಂಡೂರಿನ 450ಕ್ಕೂ ಹೆಚ್ಚು ಹೆಣ್ಣುಮಕ್ಕಳು ಹೊಲಿದ 1,755 ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಸಂಡೂರಿಗೆ ಆದ ಅನುಕೂಲ, ಅಲ್ಲಿ ಕೆಲಸ ಕೊಟ್ಟು ಕೂಲಿ ಕೊಡುವ ಕುಶಲ ಕಲಾ ಕೇಂದ್ರವಿತ್ತು. ಅಜ್ಜಂಪುರದ ಮದುವೆ ಮನೆಯವರು ಹತ್ತಿರದ ತಾಂಡಾಕ್ಕೆ ಹೋಗಿ ಅಂಗೈಯಗಲದ ಇನ್ನೂರು ಸಂಚಿಗೆ ಹೇಳಿದರೆ ಅಲ್ಲೂ ಸೂಜಿ ಓಡುತ್ತದೆ.

ಕೈಕೆಲಸಕ್ಕೆ ಹೊತ್ತು ಬೇಕು ಎಂಬುದೊಂದು ನೆನಪಿರಲಿ. ಸಂಕ್ರಾಂತಿಯ ಎಳ್ಳಿಗೆ ಕೊಬ್ಬರಿಯ ಕಪ್ಪು ಹೆರೆದು, ಸಣ್ಣಗೆ ಹೆಚ್ಚಿ, ಬೆಲ್ಲದ ಜತೆ ಬಿಸಿಲಿಗೆ ಹಾಕಿ ಒಣಗಿಸಬೇಕು. ಸಕ್ಕರೆ ಅಚ್ಚಿನ ಪಾಕಕ್ಕೆ ಬೇರೆ ದಿನ. ಹಬ್ಬದ ಹಿಂದಿನ ದಿನ ಫೋನ್ ಮಾಡಿದರೆ ಸಿಗುವುದು ಕಾರ್ಖಾನೆಯ ಪೊಟ್ಟಣವೇ. ಡಿಸೆಂಬರ್ ಮುಗಿಯುವುದರೊಳಗೆ ಹೇಳಿ, ಅರ್ಧ ದುಡ್ಡು ಮುಂಗಡ ಕೊಟ್ಟರೆ ಕೊಬ್ಬರಿ ಕೊಳ್ಳಲು ಮಾಡಿಕೊಡುವ ಹೆಣ್ಣುಮಗಳು ಸಾಲ ಮಾಡಬೇಕಿಲ್ಲ.