ಚರ್ಮದ ಮೇಲಿನ ಕಪ್ಪು ಕಲೆ: ಉಪೇಕ್ಷೆ ಸಲ್ಲದು

ವರ್ಷಾಂತ್ಯದಲ್ಲಿ ಗೋದಾಮಿನ ದಾಸ್ತಾನನ್ನು ಒಂದೊಂದಾಗಿ ಎಣಿಸಿ ಪುಸ್ತಕದೊಡನೆ ತಾಳೆ ನೋಡುವ ವರ್ತಕರಲ್ಲಿ, ತಮ್ಮ ಅಂಗಾಲನ್ನು ಕಡೆಯ ಬಾರಿ ನೋಡಿಕೊಂಡದ್ದು ಯಾವಾಗ ಎಂಬುದಕ್ಕೆ ಉತ್ತರಿಸಬಲ್ಲವರು ವಿರಳ. ಚರ್ಮದ ಕ್ಯಾನ್ಸರುಗಳಲ್ಲಿ ಬಹು ಅಪಾಯಕಾರಿಯಾದ ಮೆಲನೋಮಾ ಬಿಳಿಯರ ಕಾಯಿಲೆ, ನಮ್ಮ ಮೈಬಣ್ಣವೇ ನಮಗೆ ರಕ್ಷೆ ಎಂಬ ನಂಬಿಕೆ ಬಲವಾಗಿದೆ. ಇದು ಅರ್ಧ ಸತ್ಯ ಮಾತ್ರ.

ಭಾರತೀಯರಲ್ಲಿ ಈ ರೋಗ ಅಪರೂಪವೆಂಬುದು ನಿಜ. ಆದರೆ ಕಂದು ಮತ್ತು ಕಪ್ಪು ಮೈಬಣ್ಣದವರಲ್ಲಿ ಅದು ಹೆಚ್ಚಾಗಿ ತಲೆದೋರುವುದು ಬಿಸಿಲು ತಾಗದ ಅಂಗಾಲು, ಅಂಗೈ ಮತ್ತು ಉಗುರಿನ ಅಡಿಯಲ್ಲಿ. ಅಲ್ಲಿನ ಕಲೆಯನ್ನು ಆಣಿಯೆಂದೋ, ಚಪ್ಪಲಿ ಕಚ್ಚಿದ ಗಾಯವೆಂದೋ, ಪೆಟ್ಟಿನಿಂದ ಹೆಪ್ಪುಗಟ್ಟಿದ ರಕ್ತವೆಂದೋ ತಳ್ಳಿಹಾಕುವುದು ಸುಲಭ. ಜಮೈಕಾದ ಪ್ರಸಿದ್ಧ ಗಾಯಕ ಬಾಬ್ ಮಾರ್ಲಿಯವರ ಕಾಲ್ಬೆರಳಿನ ತೊಂದರೆಯನ್ನೂ ಮೊದಲು ಫುಟ್‌ಬಾಲ್ ಆಟದ ಗಾಯವೆಂದೇ ಭಾವಿಸಲಾಗಿತ್ತು. ಅದು ಮೆಲನೋಮಾ ಎಂದು 1977ರಲ್ಲಿ ತಿಳಿಯಿತು. 1981ರಲ್ಲಿ, ತಮ್ಮ 36ನೆಯ ವಯಸ್ಸಿನಲ್ಲಿ ಅವರು ನಿಧನರಾದರು.

ಇಲ್ಲಿ ವಿಳಂಬದ ಬೆಲೆ ಅತಿ ದುಬಾರಿ. ಅಮೆರಿಕದ ಅಂಕಿಅಂಶಗಳ ಪ್ರಕಾರ, ರೋಗವು ಹುಟ್ಟಿದ ಜಾಗದಲ್ಲೇ ಇರುವಾಗ ಪತ್ತೆಯಾದರೆ ಐದು ವರ್ಷ ಬದುಕುಳಿಯುವ ಪ್ರಮಾಣ ಶೇ. 99ಕ್ಕೂ ಅಧಿಕ, ದೂರದ ಅಂಗಗಳಿಗೆ ಹಬ್ಬಿದ ಮೇಲೆ ಅದು ಸುಮಾರು ಶೇ. 35ಕ್ಕೆ ಕುಸಿಯುತ್ತದೆ. ಮೊದಲ ಹಂತದಲ್ಲಿ ಸಣ್ಣ ಶಸ್ತ್ರಕ್ರಿಯೆಯಿಂದ ಮುಗಿಯಬಹುದಾದದ್ದು, ಮುಂದೆ ಇಡೀ ಕುಟುಂಬದ ಬಂಡವಾಳವನ್ನೇ ಕರಗಿಸಬಲ್ಲದು.

ಹಾಗೆಂದು ಎಲ್ಲೆಡೆ ದುಬಾರಿ ತಪಾಸಣಾ ಶಿಬಿರಗಳನ್ನು ನಡೆಸಬೇಕೆಂದಲ್ಲ. ರೋಗಲಕ್ಷಣಗಳಿಲ್ಲದ ಎಲ್ಲರ ಚರ್ಮವನ್ನೂ ವೈದ್ಯರು ಪರೀಕ್ಷಿಸುವುದರ ಲಾಭ-ನಷ್ಟವನ್ನು ತೂಗಲು ಸಾಕಷ್ಟು ಪುರಾವೆಯಿಲ್ಲವೆಂದು ಅಮೆರಿಕದ ರೋಗತಡೆ ಕಾರ್ಯಪಡೆಯೇ 2023ರಲ್ಲಿ ಹೇಳಿದೆ. ಬೇಕಾದದ್ದು ಹಣವಲ್ಲ, ಗಮನ. ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ ರಕ್ತ, ಸಕ್ಕರೆ, ಹೃದಯ ಎಲ್ಲವೂ ಪರೀಕ್ಷೆಗೊಳಗಾಗುತ್ತವೆ. ಕಾಲುಚೀಲ ಬಿಚ್ಚಿಸುವವರು ಮಾತ್ರ ಇಲ್ಲ. ಆ ಕೆಲಸ ಮನೆಯಲ್ಲೇ ಆಗಬೇಕು.

ತಿಂಗಳಿಗೊಮ್ಮೆ ಸ್ನಾನದ ನಂತರ ಅಂಗಾಲು, ಬೆರಳ ಸಂದು, ಉಗುರುಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಿಕೊಳ್ಳುವುದು ಲೇಸು. ಬೆನ್ನನ್ನು ಮನೆಯವರು ನೋಡಬಹುದು. ಎರಡು ಪಾರ್ಶ್ವಗಳು ಒಂದೇ ಸಮನಾಗಿಲ್ಲದ, ಅಂಚು ಒರಟಾದ, ಹಲವು ಬಣ್ಣ ಬೆರೆತ, 6 ಮಿಲಿಮೀಟರಿಗಿಂತ ದೊಡ್ಡದಾದ ಅಥವಾ ದಿನೇ ದಿನೇ ಬದಲಾಗುವ ಮಚ್ಚೆ; ಒಂದೇ ಉಗುರಿನಲ್ಲಿ ಹೊಸದಾಗಿ ಮೂಡಿ ಅಗಲವಾಗುವ ಕಪ್ಪು ಗೆರೆ; ವಾಸಿಯಾಗದ ಹುಣ್ಣು - ಇವು ಚರ್ಮತಜ್ಞರ ಬಳಿಗೆ ಹೋಗಬೇಕಾದ ಸೂಚನೆಗಳು. ಇವುಗಳಲ್ಲಿ ಬಹಳಷ್ಟು ನಿರಪಾಯಕಾರಿಯಾಗಿಯೇ ಇರುತ್ತವೆ. ಆದರೆ ಅದನ್ನು ನಿರ್ಧರಿಸಬೇಕಾದವರು ವೈದ್ಯರು. ಆಣಿಯೆಂದು ಬ್ಲೇಡಿನಿಂದ ಕೊಯ್ದುಕೊಳ್ಳುವುದು ಸಲ್ಲದು.

ಕಾರ್ಖಾನೆಯ ಮಾಲೀಕರು ಈ ತಿಳಿವಳಿಕೆಯನ್ನು ಕೆಲಸಗಾರರಿಗೂ ಮುಟ್ಟಿಸಿ, ವೈದ್ಯರನ್ನು ಕಾಣಲು ವೇತನಸಹಿತ ಅರ್ಧ ದಿನದ ರಜೆ ನೀಡಿದರೆ ಅದು ಖರ್ಚೆನಿಸದು. ದಾಸ್ತಾನಿನ ಕೊರತೆಯನ್ನು ಮುಂದಿನ ವರ್ಷ ತುಂಬಿಕೊಳ್ಳಬಹುದು. ಕಳೆದ ಜೀವಕ್ಕೆ ಮರುಭರ್ತಿಯಿಲ್ಲ.