ಸೂಜಿ ಯಾರ ಕೈಯಲ್ಲಿರಬೇಕು?

ವಿಜ್ಞಾನದ ಚರಿತ್ರೆಯಲ್ಲಿ ಕೆಲವು ತಪ್ಪುಗಳು ಸರಿಯಾದ ಉತ್ತರಗಳಷ್ಟೇ ಬೋಧಪ್ರದವಾಗಿವೆ. 1889ನೆಯ ಇಸವಿಯ ಜೂನ್ 1ರಂದು ಪ್ಯಾರಿಸ್ ನಗರದ ಜೀವವಿಜ್ಞಾನ ಸಂಘದ ಮುಂದೆ ಬ್ರೌನ್-ಸೆಕ್ವಾರ್ ಎಂಬ ಪ್ರಖ್ಯಾತ ಶರೀರವಿಜ್ಞಾನಿ ಒಂದು ಸೋಜಿಗದ ವರದಿಯನ್ನು ಮಂಡಿಸಿದರು. ಆಗ ಅವರ ವಯಸ್ಸು 72. ನಾಯಿ ಮತ್ತು ಗಿನಿಯಿಲಿಗಳ ವೃಷಣಗಳನ್ನು ಅರೆದು, ನೀರು ಬೆರೆಸಿ ಸೋಸಿ ತೆಗೆದ ರಸವನ್ನು ತಾವೇ ತಮ್ಮ ಚರ್ಮದ ಅಡಿಗೆ ಚುಚ್ಚಿಕೊಂಡುದಾಗಿಯೂ, ಅದರಿಂದ ತಾರುಣ್ಯದ ಕಸುವು ಮರಳಿ ಬಂದುದಾಗಿಯೂ ಅವರು ಸಾರಿದರು. ವಾರ್ತೆ ಊರಿಂದೂರಿಗೆ ಹಬ್ಬಿತು. ಆದರೆ ವೃಷಣಗಳು ಸ್ರವಿಸುವ ಹಾರ್ಮೋನು ನೀರಿನಲ್ಲಿ ಕರಗುವುದು ಅತ್ಯಲ್ಪ. ಅದೇ ವಿಧಾನವನ್ನು ಅನುಸರಿಸಿ ತಯಾರಿಸಿದ ರಸವನ್ನು ಆಸ್ಟ್ರೇಲಿಯದ ಸಂಶೋಧಕರು 2002ರಲ್ಲಿ ಪರೀಕ್ಷಿಸಿದಾಗ, ದೇಹದ ಮೇಲೆ ಪರಿಣಾಮ ಮಾಡುವಷ್ಟು ಹಾರ್ಮೋನು ಅದರಲ್ಲಿ ಇರಲೇ ಇಲ್ಲವೆಂದು ತಿಳಿಯಿತು. ಆ ವೃದ್ಧ ವಿಜ್ಞಾನಿಗೆ ಕಸುವು ಕೊಟ್ಟದ್ದು ನಂಬಿಕೆಯೇ ಹೊರತು ಔಷಧವಲ್ಲ.

ಈ ಕಥೆಯಿಂದ ಎರಡು ಪಾಠಗಳು ಹೊರಡುತ್ತವೆ. ತನಗೆ ತಾನೇ ಚುಚ್ಚಿಕೊಂಡವನ ಅನುಭವವು ಪ್ರಮಾಣವಾಗಲಾರದೆಂಬುದು ಒಂದು. ಔಷಧವು ಯಾವ ದ್ರವದಲ್ಲಿ ಕರಗುತ್ತದೆ, ದೇಹದಲ್ಲಿ ಹೇಗೆ ಹರಡುತ್ತದೆ ಎಂಬುದನ್ನು ಅರಿಯದೆ ಚುಚ್ಚುವುದು ವ್ಯರ್ಥವೆಂಬುದು ಇನ್ನೊಂದು. ಇವೆರಡನ್ನೂ ಮನಸ್ಸಿನಲ್ಲಿಟ್ಟುಕೊಂಡು, ಇಂದು ಹಲವು ದೇಶಗಳಲ್ಲಿ ರೂಢಿಗೆ ಬಂದಿರುವ ಒಂದು ಚಿಕಿತ್ಸೆಯನ್ನು ಕುರಿತು ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡಲು ಬಯಸುತ್ತೇವೆ. ಟೆಸ್ಟೊಸ್ಟಿರೋನ್ ಹಾರ್ಮೋನಿನ ಕೊರತೆಯುಳ್ಳವರು ಅದನ್ನು ತಮ್ಮ ಚರ್ಮದ ಅಡಿಗೆ ತಾವೇ ಚುಚ್ಚಿಕೊಳ್ಳುವುದೇ ಆ ಚಿಕಿತ್ಸೆ.

ಈ ವಸ್ತುವನ್ನು ಹೋರಿಯ ವೃಷಣಗಳಿಂದ ಶುದ್ಧ ರೂಪದಲ್ಲಿ ಬೇರ್ಪಡಿಸಿದ್ದು 1935ರಲ್ಲಿ, ಆಮ್ಸ್ಟರ್‌ಡ್ಯಾಮಿನ ಅರ್ನ್ಸ್ಟ್ ಲಾಕರ್ ಅವರ ಪ್ರಯೋಗಶಾಲೆಯಲ್ಲಿ. ಅದೇ ವರ್ಷ ಬ್ಯೂಟೆನಾಂಟ್ ಮತ್ತು ರುಜಿಚ್ಕ ಅದನ್ನು ಕೃತಕವಾಗಿ ತಯಾರಿಸಿದರು. 1939ರ ರಸಾಯನವಿಜ್ಞಾನದ ನೊಬೆಲ್ ಪಾರಿತೋಷಕ ಆ ಇಬ್ಬರಿಗೆ ಸಂದಿತು. ಇದರ ಅಗತ್ಯ ಯಾರಿಗೆ? ಕೆಲವು ಗಂಡುಮಕ್ಕಳು ಹುಟ್ಟುವಾಗಲೇ ಒಂದು ಎಕ್ಸ್ ವರ್ಣತಂತುವನ್ನು ಹೆಚ್ಚಾಗಿ ಪಡೆದಿರುತ್ತಾರೆ. 1942ರಲ್ಲಿ ಕ್ಲೈನ್‌ಫೆಲ್ಟರ್ ಎಂಬ ವೈದ್ಯರು ವಿವರಿಸಿದ ಈ ಸ್ಥಿತಿಯಲ್ಲಿ ವೃಷಣಗಳು ಪೂರ್ಣವಾಗಿ ಬೆಳೆಯುವುದಿಲ್ಲ. ಮತ್ತೆ ಕೆಲವರಿಗೆ ಪಿಟ್ಯುಟರಿ ಗ್ರಂಥಿಯ ರೋಗದಿಂದಲೋ, ಶಸ್ತ್ರಚಿಕಿತ್ಸೆಯಿಂದಲೋ, ವಿಕಿರಣದಿಂದಲೋ ಕೊರತೆ ಉಂಟಾಗುತ್ತದೆ. ಹೆಣ್ಣೆಂದು ಗುರುತಿಸಲ್ಪಟ್ಟು ಹುಟ್ಟಿ ಗಂಡಾಗಿ ಬಾಳುವ ಪರಿವರ್ತಿತ ಪುರುಷರಿಗೂ ವೈದ್ಯರು ಇದನ್ನೇ ಕೊಡುತ್ತಾರೆ. ಇವರಲ್ಲಿ ಬಹುಮಂದಿಗೆ ಈ ಚಿಕಿತ್ಸೆ ಒಂದೆರಡು ತಿಂಗಳ ಮಾತಲ್ಲ, ವರ್ಷಾನುಗಟ್ಟಲೆಯ ಮಾತು.

ಮಾತ್ರೆಯಾಗಿ ನುಂಗಬಾರದೇಕೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಶುದ್ಧ ಟೆಸ್ಟೊಸ್ಟಿರೋನನ್ನು ನುಂಗಿದರೆ ಅದು ಕರುಳಿನಿಂದ ನೇರವಾಗಿ ಪಿತ್ತಜನಕಾಂಗಕ್ಕೆ ಹೋಗಿ, ಅಲ್ಲಿಯೇ ಬಹುಪಾಲು ನಾಶವಾಗುತ್ತದೆ. ಆದಕಾರಣ ರಸಾಯನವಿಜ್ಞಾನಿಗಳು ಅದಕ್ಕೆ ಒಂದು ಕೊಬ್ಬಿನಾಮ್ಲದ ಬಾಲವನ್ನು ಜೋಡಿಸಿ, ಎಣ್ಣೆಯಲ್ಲಿ ಕರಗಿಸಿದರು. ಚುಚ್ಚಿದ ಎಣ್ಣೆ ಅಂಗಾಂಶದೊಳಗೆ ಒಂದು ಪುಟ್ಟ ಕೊಳದಂತೆ ನಿಲ್ಲುತ್ತದೆ. ಅದರಿಂದ ಔಷಧ ಮೆಲ್ಲಮೆಲ್ಲನೆ ರಕ್ತಕ್ಕೆ ಇಳಿದು, ಅಲ್ಲಿ ಬಾಲ ಕಳಚಿಕೊಂಡು ತನ್ನ ಕೆಲಸಕ್ಕೆ ತೊಡಗುತ್ತದೆ.

ಹಿಂದಿನಿಂದ ಬಂದ ಪದ್ಧತಿಯಂತೆ ಈ ಎಣ್ಣೆಯನ್ನು ಪೃಷ್ಠದ ಅಥವಾ ತೊಡೆಯ ಸ್ನಾಯುವಿಗೆ ಉದ್ದನೆಯ ಸೂಜಿಯಿಂದ, ಎರಡು ವಾರಕ್ಕೊಮ್ಮೆ ಅಥವಾ ಇನ್ನೂ ವಿರಳವಾಗಿ, ಆಸ್ಪತ್ರೆಯಲ್ಲಿ ಚುಚ್ಚುವುದು ವಾಡಿಕೆ. ಇಲ್ಲಿ ಗಣಿತವು ಒಂದು ಮಾತನ್ನು ಹೇಳುತ್ತದೆ. ವಿಕಿರಣಶೀಲ ಧಾತುವಿನ ಅರ್ಧಾಯುವನ್ನು ಬಲ್ಲ ವಿದ್ಯಾರ್ಥಿಗೆ ಇದು ಹೊಸದೇನಲ್ಲ. ದೇಹದಲ್ಲಿ ಔಷಧದ ಅರ್ಧಾಯು ಒಂದು ವಾರವೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎರಡು ವಾರಕ್ಕೊಮ್ಮೆ ಚುಚ್ಚಿದರೆ ಮುಂದಿನ ಸರದಿ ಬರುವಷ್ಟರಲ್ಲಿ ಔಷಧದ ಮಟ್ಟ ಶಿಖರದ ಕಾಲುಭಾಗಕ್ಕೆ ಇಳಿದಿರುತ್ತದೆ. ಅದೇ ಒಟ್ಟು ಪ್ರಮಾಣವನ್ನು ಎರಡಾಗಿ ಹಂಚಿ ವಾರಕ್ಕೊಮ್ಮೆ ಕೊಟ್ಟರೆ ಅರ್ಧಕ್ಕೆ ಮಾತ್ರ ಇಳಿಯುತ್ತದೆ. ನಾಲ್ಕಾಗಿ ಹಂಚಿ ಮೂರೂವರೆ ದಿನಕ್ಕೊಮ್ಮೆ ಕೊಟ್ಟರೆ ಸುಮಾರು 71 ಪ್ರತಿಶತಕ್ಕಿಂತ ಕೆಳಗೆ ಹೋಗದು. ಮೊದಲ ಕ್ರಮದಲ್ಲಿ ರೋಗಿಯ ಉತ್ಸಾಹ, ನಿದ್ರೆ, ಮನಸ್ಸಿನ ನೆಮ್ಮದಿಗಳು ಉಯ್ಯಾಲೆಯಂತೆ ಮೇಲಕ್ಕೂ ಕೆಳಕ್ಕೂ ತೂಗುವುದು ಏಕೆಂದು ಈಗ ಹೊಳೆಯಬಹುದು. ಸಣ್ಣ ಪ್ರಮಾಣವನ್ನು ಅಡಿಗಡಿಗೆ ಕೊಡುವುದು ಪ್ರಕೃತಿಯ ನಡೆಗೆ ಹೆಚ್ಚು ಹತ್ತಿರ.

ಆದರೆ ವಾರಕ್ಕೊಮ್ಮೆ, ಆಜನ್ಮ, ಆಸ್ಪತ್ರೆಗೆ ಅಲೆಯುವವರಾರು? ದಿನಗೂಲಿಯವನಿಗೆ ಅದು ಕೂಲಿಯ ನಷ್ಟ. ವಿದ್ಯಾರ್ಥಿಗೆ ಪಾಠದ ನಷ್ಟ. ಸಂಕೋಚಪಡುವವನಿಗೆ ಪ್ರತಿಸಾರಿಯೂ ತನ್ನ ಕೊರತೆಯನ್ನು ಹೊಸಬರ ಮುಂದೆ ಹೇಳಿಕೊಳ್ಳುವ ಯಾತನೆ. ಹೀಗಾಗಿ ಸರದಿಗಳು ತಪ್ಪುತ್ತವೆ; ತಪ್ಪಿದ ಔಷಧವು ಇಲ್ಲದ ಔಷಧಕ್ಕೆ ಸಮಾನ. ಚರ್ಮದಡಿಯ ಚುಚ್ಚುವಿಕೆ ಈ ಗಂಟನ್ನು ಸಡಿಲಿಸಿತು. ಹೊಟ್ಟೆಯ ಅಥವಾ ತೊಡೆಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದೆತ್ತಿ, ಅರ್ಧ ಅಂಗುಲದಷ್ಟು ಗಿಡ್ಡನೆಯ ತೆಳು ಸೂಜಿಯಿಂದ ಕೊಬ್ಬಿನ ಪದರಕ್ಕೆ ಔಷಧವನ್ನು ಇಳಿಸುವುದು ಇದರ ಕ್ರಮ. ಪೃಷ್ಠದ ಆಳದಲ್ಲಿರುವಂತಹ ದೊಡ್ಡ ನರ ಇಲ್ಲಿಲ್ಲ. ಸ್ಥಳವು ಕಣ್ಣಿಗೂ ಕೈಗೂ ಎಟಕುತ್ತದೆ. ಅಮೆರಿಕದಲ್ಲಿ 63 ಪರಿವರ್ತಿತ ಪುರುಷರ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ವಾರಕ್ಕೊಮ್ಮೆ ಚರ್ಮದಡಿಗೆ ಚುಚ್ಚಿಕೊಂಡ ಎಲ್ಲರಲ್ಲಿಯೂ ಹಾರ್ಮೋನು ಪುರುಷರ ಸಹಜ ಮಟ್ಟವನ್ನು ಮುಟ್ಟಿತು. ಹಿಂದೆ ಸ್ನಾಯುವಿಗೆ ಚುಚ್ಚಿಸಿಕೊಳ್ಳುತ್ತಿದ್ದು ಹೊಸ ಕ್ರಮಕ್ಕೆ ಬಂದ 22 ಮಂದಿಯಲ್ಲಿ ಹಳೆಯದೇ ಮೇಲೆಂದವರು ಒಬ್ಬರೂ ಇಲ್ಲ. 2018ರಲ್ಲಿ ಅಲ್ಲಿನ ಸರಕಾರದ ಔಷಧ ನಿಯಂತ್ರಣ ಸಂಸ್ಥೆಯು ಕೊರತೆಯುಳ್ಳ ಪುರುಷರು ವಾರಕ್ಕೊಮ್ಮೆ ತಾವೇ ಹೊಟ್ಟೆಯ ಚರ್ಮದಡಿಗೆ ಚುಚ್ಚಿಕೊಳ್ಳುವ ಸಾಧನವೊಂದಕ್ಕೆ ಸಮ್ಮತಿಯಿತ್ತಿತು. ರಕ್ತದ ಒತ್ತಡ ಏರಬಹುದೆಂಬ ಎಚ್ಚರಿಕೆಯನ್ನೂ ಅದರ ಮೇಲೆ ಮುದ್ರಿಸಬೇಕೆಂದು ವಿಧಿಸಿತು.

ಸಾಮಾನ್ಯರ ಕೈಗೆ ಸೂಜಿ ಕೊಡುವುದು ಅಪಾಯವಲ್ಲವೆ ಎಂಬ ಆಕ್ಷೇಪಣೆ ಉಂಟು. ಇದಕ್ಕೆ ಉತ್ತರವನ್ನು ಮಧುಮೇಹಿಗಳು ಈಗಾಗಲೇ ಕೊಟ್ಟಿದ್ದಾರೆ. 1922ರ ಜನವರಿಯಲ್ಲಿ ಟೊರೊಂಟೊ ನಗರದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಚುಚ್ಚಲಾಯಿತು. ಅನಂತರ ಕೆಲವೇ ವರ್ಷಗಳಲ್ಲಿ ಬಾಸ್ಟನ್ನಿನ ವೈದ್ಯ ಜಾಸ್ಲಿನ್ ಮೊದಲಾದವರು ರೋಗಿಗೆ ಬೋಧಿಸುವುದನ್ನೇ ಚಿಕಿತ್ಸೆಯ ಅಂಗವನ್ನಾಗಿ ಮಾಡಿದರು. ಇಂದು ನಮ್ಮ ಊರುಗಳಲ್ಲಿಯೂ ಎಷ್ಟೋ ಅಜ್ಜಿಯರು ಪ್ರತಿದಿನ ತಾವೇ ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅವರಿಗೆ ಸಾಧ್ಯವಾದುದು ಕಾಲೇಜಿನಲ್ಲಿ ಓದಿದವನಿಗೆ ಅಸಾಧ್ಯವೆನ್ನುವುದು ಸೋಜಿಗವೇ ಸರಿ. ಸೂಜಿಯನ್ನು ಕೊಡುವುದಲ್ಲ, ಕಲಿಸದೆ ಕೊಡುವುದು ಅಪಾಯ.

ಕಲಿಸಬೇಕಾದುದು ಏನು? ಮೊದಲನೆಯದು ಲೆಕ್ಕ. 1 ಮಿಲಿಲೀಟರಿನಲ್ಲಿ 250 ಮಿಲಿಗ್ರಾಮ್ ಔಷಧವಿದ್ದರೆ, 50 ಮಿಲಿಗ್ರಾಮಿಗೆ ಬೇಕಾದುದು 0.2 ಮಿಲಿಲೀಟರ್. ಕೆಲವರು ಮಧುಮೇಹಿಗಳ ಪಿಚಕಾರಿಯನ್ನೇ ಇದಕ್ಕೆ ಬಳಸುವುದುಂಟು. ನಮ್ಮ ದೇಶದ ಅಂಗಡಿಗಳಲ್ಲಿ ಇದು ಎರಡು ಬಗೆ: ಒಂದರಲ್ಲಿ 1 ಮಿಲಿಲೀಟರಿಗೆ 100 ಗೆರೆಗಳು, ಇನ್ನೊಂದರಲ್ಲಿ 40. ಮೊದಲನೆಯದರಲ್ಲಿ 20ರ ಗೆರೆ 0.2 ಮಿಲಿಲೀಟರನ್ನು ತೋರಿಸಿದರೆ, ಎರಡನೆಯದರಲ್ಲಿ ಅದೇ 20ರ ಗೆರೆ 0.5 ಮಿಲಿಲೀಟರನ್ನು ತೋರಿಸುತ್ತದೆ. ‘ಇಪ್ಪತ್ತು ತೆಗೆದುಕೊ’ ಎಂಬ ಬಾಯಿಮಾತಿನಿಂದ ರೋಗಿಯು ಎರಡೂವರೆ ಪಟ್ಟು ಔಷಧವನ್ನು ತೆಗೆದುಕೊಂಡಾನು. ಆದಕಾರಣ ಪ್ರಮಾಣವನ್ನು ಗೆರೆಗಳಲ್ಲಿ ಹೇಳದೆ, ಮಿಲಿಗ್ರಾಮ್ ಮತ್ತು ಮಿಲಿಲೀಟರುಗಳೆರಡರಲ್ಲಿಯೂ ಬರೆದುಕೊಡಬೇಕು.

ಎರಡನೆಯದು ತಾಳ್ಮೆ, ಅದಕ್ಕೂ ಭೌತವಿಜ್ಞಾನದ ಆಧಾರವುಂಟು. ಕಿರಿದಾದ ಕೊಳವೆಯಲ್ಲಿ ದ್ರವದ ಹರಿವು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆಂಬ ನಿಯಮವನ್ನು ಕಂಡುಕೊಂಡ ಪ್ವಾಸೇಯ್ ತಾನೂ ಒಬ್ಬ ವೈದ್ಯನೇ. ಔಷಧವನ್ನು ಸೀಸೆಯಿಂದ ಎಳೆಯುವ 18ನೆಯ ಸಂಖ್ಯೆಯ ಸೂಜಿಯ ಒಳವ್ಯಾಸ ಸುಮಾರು 0.84 ಮಿಲಿಮೀಟರ್, ಚುಚ್ಚುವ 25ನೆಯ ಸಂಖ್ಯೆಯದು 0.26. ವ್ಯಾಸದಲ್ಲಿ ಮೂರು ಪಟ್ಟಿಗಿಂತ ಕೊಂಚ ಹೆಚ್ಚಿನ ವ್ಯತ್ಯಾಸ; ಹರಿವಿನಲ್ಲಿಯಾದರೋ, ಉದ್ದವೂ ಒತ್ತಡವೂ ಸಮವಾಗಿದ್ದರೆ, ನೂರು ಪಟ್ಟಿಗೂ ಮೀರಿದ ವ್ಯತ್ಯಾಸ! ಮಂದವಾದ ಎಣ್ಣೆ ಸೂಜಿಯಲ್ಲಿ ತಡವರಿಸಿದಾಗ ಹೊಸಬನು ಗಾಬರಿಯಾಗಿ ಬಲಪ್ರಯೋಗ ಮಾಡುವುದು ಈ ನಿಯಮವನ್ನು ಅರಿಯದುದರಿಂದ. ಸೀಸೆಯನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಶಾಖದಿಂದ ಎಣ್ಣೆಯ ಸ್ನಿಗ್ಧತೆ ತಗ್ಗಿ ಕೆಲಸ ಸುಗಮವಾಗುತ್ತದೆ.

ಮೂರನೆಯದು ಶುಚಿ. ಪ್ರತಿಸಾರಿಯೂ ಹೊಸ ಸೂಜಿ, ಹೊಸ ಪಿಚಕಾರಿ; ಇನ್ನೊಬ್ಬರೊಡನೆ ಹಂಚಿಕೊಳ್ಳುವುದು ಎಂದೆಂದಿಗೂ ಸಲ್ಲದು. ಕಾಮಾಲೆಯ ಬಿ ಮತ್ತು ಸಿ ವೈರಸ್ಸುಗಳೂ ಎಚ್‌ಐವಿಯೂ ಹಾಗೆ ಹಂಚಿಕೊಂಡ ಸೂಜಿಯ ಮೂಲಕ ಹರಡುತ್ತವೆ. ಸ್ಥಳವನ್ನು ವಾರವಾರಕ್ಕೂ ಬದಲಿಸಬೇಕು. ಬಳಸಿದ ಸೂಜಿಯನ್ನು ಕಸದ ಬುಟ್ಟಿಗೆ ಎಸೆದರೆ ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ. ಗಟ್ಟಿ ಡಬ್ಬದಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಪ್ಪಿಸುವುದೇ ಸರಿ. ಇವೆಲ್ಲದರ ಮೇಲೆ, ಸೂಜಿ ರೋಗಿಯ ಕೈಗೆ ಬಂದರೂ ಪ್ರಮಾಣವನ್ನು ನಿರ್ಣಯಿಸುವ ಅಧಿಕಾರ ವೈದ್ಯರದೇ. ರಕ್ತದಲ್ಲಿ ಹಾರ್ಮೋನಿನ ಮಟ್ಟವನ್ನೂ ಕೆಂಪು ಕಣಗಳ ಪಾಲನ್ನೂ ಕಾಲಕಾಲಕ್ಕೆ ಅಳೆಯಿಸಲೇಬೇಕು. ಈ ಔಷಧದಿಂದ ಕೆಂಪು ಕಣಗಳು ಅತಿಯಾಗಿ ಹೆಚ್ಚಿ ರಕ್ತ ಮಂದವಾಗುವ ಸಂಭವವುಂಟು.

ಕೊನೆಯದಾಗಿ, ತರುಣ ವಾಚಕರಿಗೆ ಒಂದು ಮಾತು. ಕೊರತೆಯಿಲ್ಲದ ದೇಹಕ್ಕೆ, ಕೇವಲ ತೋಳು ಉಬ್ಬಿಸಿಕೊಳ್ಳುವ ಆಸೆಯಿಂದ ಗರಡಿಯ ಗೆಳೆಯನ ಮಾತು ಕೇಳಿ ಇದೇ ಔಷಧವನ್ನು ಚುಚ್ಚಿಕೊಳ್ಳುವ ಚಾಳಿ ಕೆಲವೆಡೆ ಹಬ್ಬಿದೆ. ಹೊರಗಿನಿಂದ ಹಾರ್ಮೋನು ಬರತೊಡಗಿದೊಡನೆ ಪಿಟ್ಯುಟರಿ ಗ್ರಂಥಿಯು, ಕೋಣೆ ಕಾದಾಗ ತಾನೇ ಆರಿಹೋಗುವ ವಿದ್ಯುತ್ ಒಲೆಯಂತೆ, ತನ್ನ ಆಜ್ಞೆಯನ್ನು ನಿಲ್ಲಿಸುತ್ತದೆ. ವೃಷಣಗಳು ಕೆಲಸ ಬಿಟ್ಟು ಕುಗ್ಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯವಂತ ಪುರುಷರಿಗೆ ವಾರಕ್ಕೆ 200 ಮಿಲಿಗ್ರಾಮ್ ಚುಚ್ಚಿ ನೋಡಿ 1990ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ವೀರ್ಯಾಣುಗಳು ಸಂಪೂರ್ಣವಾಗಿ ಮಾಯವಾದವು. ಆ ಪ್ರಯೋಗದ ಉದ್ದೇಶ ಸಂತಾನ ನಿಯಂತ್ರಣ! ಗಂಡಸುತನವನ್ನು ಹೆಚ್ಚಿಸಿಕೊಳ್ಳುತ್ತೇನೆಂದು ಹೊರಟವನು ಸಂತಾನ ನಿಯಂತ್ರಣದ ಔಷಧವನ್ನೇ ಚುಚ್ಚಿಕೊಳ್ಳುತ್ತಿರುವನೆಂದು ಅರಿಯಬೇಡವೆ?

ಒಂದೇ ಸೀಸೆ ಕೊರತೆಯುಳ್ಳವನಿಗೆ ಬಾಳು, ಕೊರತೆಯಿಲ್ಲದವನಿಗೆ ಕೇಡು. ಆದರೆ ಎರಡನೆಯವನ ಅವಿವೇಕವನ್ನು ಕಂಡು ಮೊದಲನೆಯವನನ್ನು ಸಂಶಯಿಸುವುದು ನ್ಯಾಯವಲ್ಲ. ತರಗತಿಯಲ್ಲಿ ಮೀಸೆ ಮೂಡದ ಸಹಪಾಠಿಯನ್ನು, ದನಿ ಒಡೆಯದವನನ್ನು ಗೇಲಿ ಮಾಡುವ ಮುನ್ನ, ಅವನ ಚೀಲದಲ್ಲಿ ಒಂದು ಪುಟ್ಟ ಪಿಚಕಾರಿ ಇರಬಹುದೆಂಬುದನ್ನು ನೆನೆಯಿರಿ. ಅವನು ವಾರಕ್ಕೊಮ್ಮೆ, ಯಾರ ಕಣ್ಣಿಗೂ ಬೀಳದೆ, ಕೈ ನಡುಗದೆ ಮಾಡುವ ಆ ಕೆಲಸಕ್ಕೆ ಲೆಕ್ಕವೂ ಬೇಕು, ಶುಚಿಯೂ ಬೇಕು, ಧೈರ್ಯವೂ ಬೇಕು. ಸೂಜಿ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಗೆ ನಮ್ಮ ಉತ್ತರ ಇಷ್ಟೆ: ವೈದ್ಯರ ಅಪ್ಪಣೆಯನ್ನೂ ಕಲಿಕೆಯನ್ನೂ ಪಡೆದವನ ಕೈಯಲ್ಲಿ. ಅವೆರಡೂ ಇಲ್ಲದವನು ಅದನ್ನು ಮುಟ್ಟಬಾರದು. ಅವೆರಡೂ ಇರುವವನಿಂದ ಅದನ್ನು ಕಸಿದುಕೊಳ್ಳಬಾರದು.