ನಿಲ್ಲಿಸುವುದೂ ಒಂದು ಕೆಲಸ

ಕೆಲಸವನ್ನು ಆರಂಭಿಸುವುದಕ್ಕಿಂತ ನಿಲ್ಲಿಸುವುದಕ್ಕೇ ಹೆಚ್ಚು ಜಾಣ್ಮೆ ಬೇಕೆಂಬುದನ್ನು ಹೋದ ಭಾನುವಾರ ಶೆಟ್ಟಿಹಳ್ಳಿಯ ನಮ್ಮ ನೆರೆಮನೆಯಲ್ಲಿ ಕಣ್ಣಾರೆ ಕಂಡೆನು.

ಆ ಮನೆಯ ಹುಡುಗ ಇಂಜಿನಿಯರಿಂಗ್ ವಿದ್ಯಾರ್ಥಿ. ಮನೆಯ ಹಳೆಯ ಭಾವಚಿತ್ರಗಳ ಬಣ್ಣ ತಿದ್ದಿ ಉಳಿಸಲು ತಾನೇ ಒಂದು ಕಂಪ್ಯೂಟರ್ ಪ್ರೋಗ್ರಾಮನ್ನು ಬರೆದಿದ್ದನು. ಇಂತಹ ಪ್ರೋಗ್ರಾಮಿನೊಳಗೆ ಎರಡು ಎಳೆಗಳಿರುತ್ತವೆ; ಬಲ್ಲವರು ಇವನ್ನು ಥ್ರೆಡ್ ಎನ್ನುತ್ತಾರೆ. ಮುಖ್ಯ ಎಳೆಯು ಪರದೆಯ ಮೇಲಿನ ಗುಂಡಿಗಳನ್ನು ನೋಡಿಕೊಳ್ಳುತ್ತದೆ. ಹಿನ್ನೆಲೆಯ ಎಳೆಯು ಶ್ರಮದ ಕೆಲಸವನ್ನು ಮಾಡುತ್ತದೆ. ಅಂದು ಹುಡುಗನು ಅವಸರದಲ್ಲಿ ‘ನಿಲ್ಲಿಸು’ ಗುಂಡಿಯನ್ನೊತ್ತಿದನು. ಆ ಗುಂಡಿಗೆ ಅವನು ಕಟ್ಟಿದ್ದುದು ವಿಂಡೋಸಿನ ‘ಟರ್ಮಿನೇಟ್‌ಥ್ರೆಡ್’ ಎಂಬ ಆಜ್ಞೆ. ಹಿನ್ನೆಲೆಯ ಎಳೆ ಇದ್ದಲ್ಲಿಯೇ ಸತ್ತಿತು. ಆ ಗಳಿಗೆಯಲ್ಲಿ ಅದು ಮೂಲ ಫೈಲಿನ ಮೇಲೆಯೇ ಬರೆಯುತ್ತಿದ್ದುದು ಅಜ್ಜಿ ತಾತಂದಿರ ಧಾರೆಯ ಚಿತ್ರವನ್ನು. ಕಾಗದದ ಪ್ರತಿಯನ್ನು ಗೆದ್ದಲು ಎಂದೋ ತಿಂದಿದ್ದಿತು.

ತಾತನವರು ಗದರಲಿಲ್ಲ. ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತಿನ ಮುಂದೆ ಆಯುಷ್ಯ ಸವೆಸಿದವರು. ‘ಹಿಂದೂಸ್ಥಾನ್ ಮೆಷಿನ್ ಟೂಲ್ಸ್’ 1953ರಲ್ಲಿ ಸ್ಥಾಪನೆಯಾದಂದಿನಿಂದ ಈ ಸೀಮೆಯ ಎಷ್ಟೋ ಮನೆಗಳಲ್ಲಿ ಲೇತಿನ ಮಾತು ಮನೆಮಾತೇ. “ಟೂಲು ಜಾಬಿನೊಳಗೆ ಕೊರೆಯುತ್ತಿರುವಾಗಲೇ ಸ್ವಿಚ್ಚು ಆರಿಸುತ್ತಾರೇನೋ, ಮಗು? ಮೊದಲು ಟೂಲನ್ನು ಹಿಂದಕ್ಕೆ ತೆಗೆಯಬೇಕು, ಆಮೇಲೆ ಮೆಷಿನ್ ನಿಲ್ಲಿಸಬೇಕು,” ಎಂದರು.

ಈ ನಾಲ್ಕು ಮಾತಿನ ಬುದ್ಧಿಯನ್ನು ಗಣಕಲೋಕವೂ ಪೆಟ್ಟು ತಿಂದೇ ಕಲಿತಿದೆ. ಜಾವಾ ಭಾಷೆಯಲ್ಲಿ ಎಳೆಯನ್ನು ಬಲಾತ್ಕಾರದಿಂದ ನಿಲ್ಲಿಸುವ ‘ಸ್ಟಾಪ್’ ಆಜ್ಞೆಯನ್ನು ಬಳಸಬೇಡಿರೆಂದು 1998ರಲ್ಲಿಯೇ ಸಾರಿದರು. 2023ರ ಆವೃತ್ತಿಯಲ್ಲಿ ಅದು ಕೆಲಸವನ್ನೇ ಮಾಡದಂತೆ ಮಾಡಿದರು. ಸತ್ತ ಎಳೆಯು ಅರ್ಧ ತಿದ್ದಿದ ಲೆಕ್ಕವನ್ನು ಹಾಗೆಯೇ ಬಿಟ್ಟುಹೋಗುತ್ತದೆ. ವಿಂಡೋಸಿನ ಆಜ್ಞೆಯಲ್ಲಿಯಾದರೋ, ಅದು ಹಾಕಿಕೊಂಡಿದ್ದ ಬೀಗವೂ ತೆರೆಯದೆ ಉಳಿದು, ಇತರ ಎಳೆಗಳು ಬಾಗಿಲಲ್ಲಿ ಕಾಯುತ್ತ ನಿಲ್ಲಬಹುದು.

ಹಾಗಾದರೆ ಸರಿಯಾದ ಕ್ರಮವೇನು? ಗುಂಡಿ ಒತ್ತಿದಾಗ ಮುಖ್ಯ ಎಳೆಯು ಒಂದು ಗುರುತನ್ನು ಮಾತ್ರ ಏರಿಸಬೇಕು. ಅದು ಎರಡು ಎಳೆಗಳಿಗೂ ತಪ್ಪದೆ ಕಾಣುವಂತಹ ‘ಅಟಾಮಿಕ್’ ಗುರುತಾಗಿರಬೇಕು. ಹಿನ್ನೆಲೆಯ ಎಳೆಯು ಒಂದೊಂದು ಚಿತ್ರ ಮುಗಿದಾಗಲೂ ಆ ಗುರುತನ್ನು ನೋಡಿ, ಏರಿದ್ದರೆ ಫೈಲನ್ನು ಮುಚ್ಚಿ ತಾನಾಗಿಯೇ ಹೊರಬರಬೇಕು. ಅದು ಏನನ್ನಾದರೂ ಕಾಯುತ್ತ ನಿದ್ರಿಸುತ್ತಿದ್ದರೆ ಗುರುತು ಕಾಣದು. ಆದುದರಿಂದ ಎಬ್ಬಿಸುವ ಸಂಜ್ಞೆಯನ್ನೂ ಕೊಡಬೇಕು.

ಇನ್ನೊಂದು ಅಪಾಯವುಂಟು. ಮುಖ್ಯ ಎಳೆಯು “ನೀನು ಮುಗಿಸುವವರೆಗೆ ನಾನು ಅಲುಗೆನು” ಎಂದು ಕುಳಿತು, ಹಿನ್ನೆಲೆಯದು “ಪರದೆಯ ಮೇಲೆ ಈ ಸುದ್ದಿ ಬರೆದ ಹೊರತು ನಾನು ಮುಗಿಸೆನು” ಎಂದರೆ, ಬೀಗರಿಬ್ಬರೂ ಮೊದಲು ಊಟಕ್ಕೇಳದ ಮದುವೆಯ ಮನೆಯಂತಾಗುತ್ತದೆ. ಮುಖ್ಯ ಎಳೆಯು ಗುಂಡಿಯನ್ನು ಮಸುಕಾಗಿಸಿ, ‘ನಿಲ್ಲಿಸಲಾಗುತ್ತಿದೆ’ ಎಂದು ತೋರಿಸಿ, ತನ್ನ ಕೆಲಸವನ್ನು ನಡೆಸುತ್ತಿರಬೇಕು. ಮುಗಿಯಿತೆಂಬ ಸುದ್ದಿ ಬಂದಮೇಲೆಯೇ ಕಿಟಕಿ ಮುಚ್ಚಬೇಕು.

ಇಷ್ಟಾದರೂ ವಿದ್ಯುತ್ತು ಹೋಗುವುದು ನಮ್ಮ ಕೈಯಲ್ಲಿಲ್ಲ. ಆದುದರಿಂದ ಮೂಲ ಫೈಲಿನ ಮೇಲೆ ಬರೆಯಲೇಬಾರದು. ಹೊಸ ಹೆಸರಿನಲ್ಲಿ ಪೂರ್ತಿ ಬರೆದು, ಅದು ಡಿಸ್ಕಿಗೆ ಸೇರಿದಮೇಲೆ ಹೆಸರು ಬದಲಿಸಬೇಕು. ಕಾರ್ಖಾನೆಯ ಕೆಂಪು ಗುಂಡಿ ಇರುವುದು ಕೈ ಸಿಕ್ಕಿಕೊಂಡ ಗಳಿಗೆಗೆ. ಸಂಜೆ ಮನೆಗೆ ಹೊರಡುವಾಗ ಒತ್ತುವುದಕ್ಕಲ್ಲ.

ಹುಡುಗನು ರಾತ್ರಿಯೆಲ್ಲ ಕುಳಿತು ಪ್ರೋಗ್ರಾಮನ್ನು ತಿದ್ದಿದನು. ಕೆಟ್ಟ ಚಿತ್ರದಲ್ಲಿ ಮೇಲಿನ ಅರ್ಧ ಮಾತ್ರ ತೆರೆಯಿತು. ಬಾಸಿಂಗ ಕಟ್ಟಿದ ಎರಡು ಮುಖಗಳು ಉಳಿದಿದ್ದವು. ಕೆಳಗೆ, ಧಾರೆಯ ಕೈಗಳಿರಬೇಕಾದಲ್ಲಿ, ಬರಿಯ ಬೂದುಬಣ್ಣ.

ತಾತನವರು ಬಹಳ ಹೊತ್ತು ನೋಡಿದರು. “ಮುಖ ಉಳಿಯಿತಲ್ಲ,” ಎಂದು ಎದ್ದು ಹೋದರು.